ಅರವತ್ತಾದ ಮೇಲೆ ಆಲ್ಪ್ಸ್‌ಗೆ... ನೀವಿಬ್ಬರೇ!

ಮಗಳ ಮದುವೆ ಆಯ್ತು. ಮಗ ಬೆಂಗಳೂರಿನಲ್ಲೋ ಜರ್ಮನಿಯಲ್ಲೋ ಸೆಟಲ್ ಆದ. ಯಜಮಾನರು ರಿಟೈರ್ ಆಗಿ ಪೇಪರ್ ಹಿಡಿದು ಕೂತಿದ್ದಾರೆ. ‘ಇನ್ನೇನಿದೆ ನಮಗೆ?’ ಅಂತೀರಾ? ಇದೆ. ಊಟದ ಡಬ್ಬಿ, ಪರೀಕ್ಷೆ, ಬಾಣಂತನ ಎಲ್ಲ ಮುಗಿದ ಮೇಲೆ ನೀವಿಬ್ಬರೇ ಎಲ್ಲಾದರೂ ಹೋಗಿ ಬರೋ ಕಾಲ ಈಗ ಬಂದಿದೆ.

ವಿದೇಶ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು ಪ್ಯಾಕೇಜ್ ಟೂರ್. ಬೆಳಿಗ್ಗೆ ಆರಕ್ಕೆ ಲಗೇಜ್ ರೆಡಿ ಇರಬೇಕು. ಬಸ್ ಹತ್ತು, ಇಳಿ, ಫೋಟೊ ತೆಗೆಸಿಕೋ, ಮತ್ತೆ ಹತ್ತು. ಆಲ್ಪ್ಸ್ ಪರ್ವತ ಕಿಟಕಿಯಾಚೆಯೇ ಉಳಿದುಬಿಡುತ್ತೆ. ಅದರ ಬದಲು ಒಂದೇ ಹಳ್ಳಿಯಲ್ಲಿ ಹತ್ತು ದಿನ ಮನೆ ಮಾಡಿಕೊಂಡಿದ್ದು, ದಿನಾ ಒಂದೊಂದು ದಾರಿ ಹಿಡಿದು ನಿಧಾನವಾಗಿ ನಡೆದರೆ? ವಯಸ್ಸಾದವರಿಗೆ ಇದೇ ಹೆಚ್ಚು ಹಿತ.

ಅಷ್ಟೆತ್ತರ ಆಗುತ್ತಾ?

‘ಅಯ್ಯೋ, ಆ ಚಳಿ, ಆ ಬೆಟ್ಟ ನಮ್ಮ ಕೈಲಿ ಆಗುತ್ತೇನ್ರೀ?’ ಅಂತ ಗಾಬರಿಯಾಗಬೇಡಿ. ಸ್ವಲ್ಪ ಲೆಕ್ಕ ನೋಡಿ. ನಮ್ಮ ದೇವರಾಯನದುರ್ಗ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಸ್ವಿಟ್ಜರ್ಲೆಂಡಿನ ವೆಂಗೆನ್ ಎಂಬ ಹಳ್ಳಿ ಇರೋದು 1,274 ಮೀಟರ್‌ನಲ್ಲಿ. ಹೆಚ್ಚುಕಡಿಮೆ ಒಂದೇ! ಆ ಊರಿಗೆ ಕಾರು ಹೋಗುವುದಿಲ್ಲ, ಕೆಳಗಿನ ಲೌಟರ್‌ಬ್ರುನೆನ್‌ನಿಂದ ರೈಲಿನಲ್ಲೇ ಹತ್ತಬೇಕು. ಅಲ್ಲಿಂದ ಕೇಬಲ್ ಕಾರಿನಲ್ಲಿ ಮೆನ್ಲಿಖೆನ್‌ಗೆ ಹೋಗಿ, ಕ್ಲೈನ ಶೈಡೆಗ್‌ವರೆಗೆ ನಡೆದರೆ ಸುಮಾರು ನಾಲ್ಕೂವರೆ ಕಿಲೋಮೀಟರ್. ಹೆಚ್ಚಿನ ಭಾಗ ಸಣ್ಣ ಇಳಿಜಾರು, ಎದುರಿಗೇ ಐಗರ್, ಯುಂಗ್‌ಫ್ರೌ ಶಿಖರಗಳು. ಸುಸ್ತಾಯಿತಾ? ಶೈಡೆಗ್‌ನಿಂದ ರೈಲು ಹತ್ತಿ ವೆಂಗೆನ್‌ಗೆ ವಾಪಸ್ಸು ಬನ್ನಿ.

ಇನ್ನೊಂದು ಮಾತು. ಎಲ್ಲರೂ ಹೊಗಳುವ ಯುಂಗ್‌ಫ್ರೌಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. 1912ರಿಂದ ಅಲ್ಲಿಗೆ ರೈಲು ಓಡುತ್ತಿದೆ. ಕೇದಾರನಾಥ ಇರೋದು 3,583 ಮೀಟರ್‌ನಲ್ಲಿ! ಚಾರ್‌ಧಾಮ ಮುಗಿಸಿ ಬಂದ ನಮ್ಮ ಕಡೆಯ ಅಜ್ಜ ಅಜ್ಜಿಯರು ಆಗಲೇ ಅದಕ್ಕಿಂತ ಮೇಲೆ ಹೋಗಿ ಬಂದಿದ್ದಾರೆ. ಆದರೆ ರೈಲು ಕೆಲವೇ ಗಂಟೆಗಳಲ್ಲಿ ಅಷ್ಟು ಮೇಲೆ ಒಯ್ಯುವುದರಿಂದ ತಲೆಸುತ್ತು, ಏದುಸಿರು ಬರಬಹುದು. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೋಗಬೇಡಿ.

ಇಬ್ಬರಿಗೂ ಎಲ್ಲ ಗೊತ್ತಿರಲಿ

ಈಗ ಬಹಳ ಮುಖ್ಯವಾದ ವಿಷಯ. ನಮ್ಮ ಎಷ್ಟೋ ಮನೆಗಳಲ್ಲಿ ಪ್ರವಾಸ ಅಂದರೆ ಟಿಕೆಟ್, ದುಡ್ಡು, ಪಾಸ್‌ಪೋರ್ಟ್ ಎಲ್ಲ ಯಜಮಾನರ ಕೈಯಲ್ಲಿ. ತಿಂಡಿ, ಬಟ್ಟೆ, ಮಾತ್ರೆ ಮಾತ್ರ ನಮ್ಮ ಕೈಯಲ್ಲಿ. ‘ಅವರಿದ್ದಾರಲ್ಲ, ನನಗ್ಯಾಕೆ’ ಅಂತ ಅವರ ಹಿಂದೆ ನಡೆದುಬಿಡುತ್ತೇವೆ. ಗುಂಪಿನಲ್ಲಿ ಹೋದಾಗ ಇದು ನಡೆಯುತ್ತೆ. ಇಬ್ಬರೇ ಹೋದಾಗ? ಬೆಟ್ಟದ ದಾರಿಯಲ್ಲಿ ಅವರ ಕಾಲು ಉಳುಕಿತು, ಇಲ್ಲವೇ ಎದೆ ಹಿಡಿದುಕೊಂಡು ಕೂತರು ಅನ್ನಿ. ಫೋನಿನ ಲಾಕ್ ತೆಗೆಯೋದು ಗೊತ್ತಿಲ್ಲ, ಕಾರ್ಡಿನ ಪಿನ್ ಗೊತ್ತಿಲ್ಲ, ಇಳಿದುಕೊಂಡ ಮನೆಯ ವಿಳಾಸವೂ ಗೊತ್ತಿಲ್ಲ ಅಂದರೆ ಏನು ಮಾಡ್ತೀರಿ?

ಹಾಗೆಯೇ ಉಲ್ಟಾ ನೋಡಿ. ನಿಮಗೇ ಜ್ವರ ಬಂದರೆ, ನೀವು ಯಾವ ಮಾತ್ರೆ ತಗೋತೀರಿ, ಯಾವುದು ಒಗ್ಗಲ್ಲ ಅನ್ನೋದು ಅವರಿಗೆ ಗೊತ್ತಿದೆಯೇ? ಒಂದು ಅನ್ನ ಸಾರು ಮಾಡೋಕೆ ಬರುತ್ತದೆಯೇ? ಇಬ್ಬರೇ ಹೋಗುವುದಾದರೆ ಇಬ್ಬರಿಗೂ ಎಲ್ಲ ಕೆಲಸ ಬರಲೇಬೇಕು. ಈ ಕಲಿಕೆ ಪ್ರವಾಸಕ್ಕಷ್ಟೇ ಅಲ್ಲ, ಮುಂದಿನ ಬದುಕಿಗೂ ಬೇಕು. ಇಬ್ಬರಲ್ಲಿ ಒಬ್ಬರು ಒಂಟಿಯಾಗುವ ದಿನ ಬಂದೇ ಬರುತ್ತೆ ಅನ್ನೋದು ನಿಮಗೂ ಗೊತ್ತು, ಅವರಿಗೂ ಗೊತ್ತು.

ತಾಲೀಮು ಊರಲ್ಲೇ ಆಗಲಿ

ಹೊರಡುವ ಒಂದು ವರ್ಷ ಮೊದಲೇ ಶುರುಮಾಡಿ. ದಿನಾ ಬೆಳಿಗ್ಗೆ ಅಮಾನಿಕೆರೆ ದಂಡೆಯಲ್ಲಿ ಮುಕ್ಕಾಲು ಗಂಟೆ ನಡಿಗೆ. ಎರಡು ತಿಂಗಳಾದ ಮೇಲೆ ಮಂದಾರಗಿರಿಯ ಮೆಟ್ಟಿಲು. ಆಮೇಲೆ ದೇವರಾಯನದುರ್ಗ, ಕೊರಟಗೆರೆ ಬಳಿಯ ಸಿದ್ಧರಬೆಟ್ಟ. ಮಧುಗಿರಿಯ ಏಕಶಿಲಾ ಬೆಟ್ಟ ಕಡಿದು, ಅದರ ಹಠ ಬೇಡ. ಹತ್ತುವಾಗ ಏದುಸಿರು, ಇಳಿಯುವಾಗ ಮಂಡಿನೋವು. ನಮ್ಮ ವಯಸ್ಸಿಗೆ ಇಳಿಯುವುದೇ ಹೆಚ್ಚು ಕಷ್ಟ. ಕೈಯಲ್ಲೊಂದು ಊರುಗೋಲು ಇರಲಿ, ನಾಚಿಕೆ ಬೇಡ. ಹೊಸ ಶೂ ಇಲ್ಲೇ ಹಾಕಿ ಹಾಕಿ ಪಳಗಿಸಿ.

ಇದರ ಜೊತೆಗೆ ತಿಂಗಳಿಗೊಂದು ಪುಟ್ಟ ಪ್ರವಾಸ ಮಾಡಿ, ಅದರ ‘ಲೀಡರ್’ ನೀವಾಗಿ. ಒಂದು ಸಲ ರೈಲಿನಲ್ಲಿ ಗುಬ್ಬಿಗೆ ಹೋಗಿ. ನಾಟಕ ಕಂಪನಿ ಕಟ್ಟಿಕೊಂಡು ಊರೂರು ಸುತ್ತಿದ ವೀರಣ್ಣನವರ ಊರು ಅದು! ರೈಲಿನ ವೇಳೆ ನೋಡುವುದು, ಟಿಕೆಟ್ ತೆಗೆಯುವುದು, ಚನ್ನಬಸವೇಶ್ವರ ದೇವಸ್ಥಾನಕ್ಕೆ ದಾರಿ ಕೇಳುವುದು ಎಲ್ಲ ನೀವೇ ಮಾಡಿ. ಇನ್ನೊಂದು ಸಲ ಬಸ್ಸಿನಲ್ಲಿ ಕುಣಿಗಲ್‌ಗೆ, ಅಲ್ಲಿಂದ ಹುಲಿಯೂರುದುರ್ಗಕ್ಕೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮ್ಮ ಟಿಕೆಟ್ ಫ್ರೀ, ಅವರದ್ದು ಮಾತ್ರ ನೀವು ಕೊಡಿಸಿ! ಯಜಮಾನರು ಮಧ್ಯೆ ಬಾಯಿ ಹಾಕಕೂಡದು. ಬಸ್ ತಪ್ಪಿದರೂ ಚಿಂತೆಯಿಲ್ಲ, ಮುಂದಿನದು ಹೇಗೆ ಹಿಡಿಯೋದು ಅಂತ ಕಲಿತಂತಾಯಿತು. ಅದೇ ದಿನಗಳಲ್ಲಿ ಅವರು ಒಂದು ಹೊತ್ತಿನ ಅಡುಗೆ ಕಲಿಯಲಿ.

ವೀಸಾ, ವಿಮೆ, ಔಷಧಿ

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕನಿಷ್ಠ 15 ದಿನ ಮೊದಲಾದರೂ ಹಾಕಲೇಬೇಕು, ಆದರೆ ಕೊನೆ ಗಳಿಗೆಗೆ ಬಿಡಬೇಡಿ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಗುತ್ತದೆ. 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕಷ್ಟಕಾಲದಲ್ಲಿ ದುಡ್ಡು ಸಿಗದೇ ಹೋಗಬಹುದು. ಬೆಟ್ಟದಲ್ಲಿ ನಡೆಯುವಾಗ ಏನಾದರೂ ಆದರೆ ಹೆಲಿಕಾಪ್ಟರ್ ಖರ್ಚೂ ಸಿಗುತ್ತದೆಯೇ ಎಂದು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಮಾತ್ರೆಗಳು, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅಂತೂ ದೊಡ್ಡ ಸೂಟ್‌ಕೇಸಿನಲ್ಲಿ ಹಾಕಲೇಬೇಡಿ, ವಿಮಾನದ ಸರಕಿನ ಜಾಗದಲ್ಲಿ ಹೆಪ್ಪುಗಟ್ಟಿ ಕೆಡಬಹುದು.

ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿದರೆ ಊಟದ ಖರ್ಚು ಎಷ್ಟೋ ಉಳಿಯುತ್ತೆ. ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ ಕಟ್ಟಿಕೊಳ್ಳಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥಗಳನ್ನು ಒಳಗೆ ಬಿಡುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ವಾಪಸ್ಸು ಬಂದ ಮೇಲೆ ತಿಂದರಾಯಿತು!

ಖರ್ಚಿನ ಮಾತು ಬಂತಲ್ಲ, ಕೊಚ್ಚಿಯಲ್ಲಿ ಸಣ್ಣ ಟೀ ಅಂಗಡಿ ನಡೆಸುತ್ತಿದ್ದ ವಿಜಯನ್, ಮೋಹನಾ ದಂಪತಿ ನೆನಪಿದ್ದಾರಾ? ದಿನದ ದುಡಿಮೆಯಲ್ಲಿ ಇಷ್ಟಿಷ್ಟೇ ಎತ್ತಿಟ್ಟು, ಸಾಲ ಮಾಡಿ ತೀರಿಸುತ್ತಾ 25ಕ್ಕೂ ಹೆಚ್ಚು ದೇಶ ನೋಡಿದರು. 2021ರಲ್ಲಿ ವಿಜಯನ್ ತೀರಿಕೊಳ್ಳುವ ಮುಂಚಿನ ತಿಂಗಳು ಇಬ್ಬರೂ ರಷ್ಯಾ ನೋಡಿ ಬಂದಿದ್ದರು. ಸಾಲ ಮಾಡಿ ಅಂತ ಹೇಳ್ತಿಲ್ಲ, ‘ನಮಗೆಲ್ಲಿ ಸಾಧ್ಯ’ ಅಂತ ಮೊದಲೇ ಕೈಚೆಲ್ಲಬೇಡಿ, ಅಷ್ಟೆ.

ನೆನಪಿರಲಿ

* ಎತ್ತರದ ದಾರಿಗಳಲ್ಲಿ ಜೂನ್‌ವರೆಗೂ ಹಿಮ ಇರಬಹುದು. ಜುಲೈನಿಂದ ಸೆಪ್ಟೆಂಬರ್ ಒಳ್ಳೆಯದು.
* ಬೆಳಿಗ್ಗೆ ಬೇಗ ಹೊರಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು.
* ಸ್ವಿಟ್ಜರ್ಲೆಂಡಿನಲ್ಲಿ ಹಳದಿ ಫಲಕದ ದಾರಿ ಸುಲಭ. ಬಿಳಿ-ಕೆಂಪು-ಬಿಳಿ ಪಟ್ಟೆ ಇದ್ದರೆ ಬೆಟ್ಟದ ದಾರಿ, ಎಚ್ಚರಿಕೆ ಬೇಕು. ಬಿಳಿ-ನೀಲಿ-ಬಿಳಿ ಇದ್ದರೆ ವಾಪಸ್ಸು ತಿರುಗಿ.
* ಫಲಕದಲ್ಲಿ ಬರೆದ ಸಮಯದಲ್ಲಿ ವಿಶ್ರಾಂತಿ ಸೇರಿರುವುದಿಲ್ಲ. ಅರ್ಧದಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ.
* ಕೊನೆಯ ಕೇಬಲ್ ಕಾರ್ ಎಷ್ಟು ಹೊತ್ತಿಗೆ ಅಂತ ಹತ್ತುವ ಮೊದಲೇ ಕೇಳಿ.
* ಯೂರೋಪಿನಲ್ಲಿ ತುರ್ತು ಸಂಖ್ಯೆ 112. ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್ ರಕ್ಷಣೆಗೆ 1414. ಇಬ್ಬರ ಫೋನಿನಲ್ಲೂ ಇರಲಿ.
* ಪಾಸ್‌ಪೋರ್ಟ್ ನಕಲು, ದುಡ್ಡು, ಕಾರ್ಡು ಇಬ್ಬರ ಬಳಿಯೂ ಹಂಚಿರಲಿ.
* ದಿನಾ ರಾತ್ರಿ ಮಕ್ಕಳಿಗೆ ನಾಳಿನ ದಾರಿ ತಿಳಿಸಿ. ಅವರ ಅರ್ಧ ಆತಂಕ ಅಲ್ಲೇ ಕಡಿಮೆಯಾಗುತ್ತೆ.

ಕೊನೆಯದಾಗಿ ಒಂದು ಒಪ್ಪಂದ ಮಾಡಿಕೊಳ್ಳಿ. ದಾರಿಯಲ್ಲಿ ಯಾರು ಮೊದಲು ‘ಸಾಕು’ ಅಂತಾರೋ ಅವರ ಮಾತೇ ಅಂತಿಮ. ಇನ್ನೊಬ್ಬರು ಮುಖ ಊದಿಸದೆ ಹಿಂದಿರುಗಬೇಕು. ಮೂವತ್ತು ನಲವತ್ತು ವರ್ಷ ಸಂಸಾರ ಮಾಡಿದ ನಿಮಗೆ ಇದು ಕಷ್ಟವೇ? ಹಾಗಾದರೆ ಈ ಭಾನುವಾರ ಗುಬ್ಬಿ ರೈಲಿನ ಟೈಮ್ ನೋಡಿ. ಟಿಕೆಟ್ ತೆಗೆಯೋರು ಮಾತ್ರ ನೀವೇ!