ನಾಯಿ ಕೆರೆದರೆ ಎಣ್ಣೆ ಬೇಡ, ತಟ್ಟೆ ನೋಡಿ!

ಕೆರೆಗಳ ಜಿಲ್ಲೆ ಎಂದು ನಮ್ಮ ಕೋಲಾರಕ್ಕೆ ಹೆಸರು. ಕೆರೆಯುವ ನಾಯಿಗಳಿಗೂ ಇಲ್ಲಿ ಬರವಿಲ್ಲ. ಬೀದಿ ನಾಯಿಯ ಮಾತು ಬಿಡಿ. ಹೆಸರಿಟ್ಟು, ಹಾಲು ಹುಯ್ದು, ಮುದ್ದು ಮಾಡಿ ಸಾಕಿದ ನಾಯಿಗಳೇ ರಾತ್ರಿಯಿಡೀ ಪರಪರ ಕೆರೆದುಕೊಂಡು ಮನೆಮಂದಿಯ ನಿದ್ದೆ ಕೆಡಿಸುತ್ತಿವೆ. ಮೊದಲು ಕೂದಲು ಉದುರುತ್ತದೆ. ಆಮೇಲೆ ಚರ್ಮ ಕೆಂಪಾಗುತ್ತದೆ. ಆಮೇಲೆ ನಾತ.

ಕೊನೆಗೆ ಏನಾಗುತ್ತದೆ? ಒಂದು ದಿನ ಮನೆ ಯಜಮಾನ ನಾಯಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಸ್ಕೂಟರ್ ಹತ್ತುತ್ತಾನೆ. ಮುಳಬಾಗಿಲು ರಸ್ತೆಯ ಪಕ್ಕದಲ್ಲೆಲ್ಲೋ ಇಳಿಸಿ, ಹಿಂದೆ ತಿರುಗಿ ನೋಡದೆ ಬರುತ್ತಾನೆ. ಕೇಳಿದರೆ, "ಮಕ್ಕಳಿಗೆ ಅಂಟಿಬಿಟ್ರೆ ಏನ್ ಗತಿ ಸಾರ್?" ಅಂತಾನೆ.

ಹೀಗೆ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ನೂಕಿ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಬರೆದಿಟ್ಟ ದಂಡ ಎಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ! ಒಂದು ಮಸಾಲೆ ದೋಸೆ ಬೆಲೆಗೂ ಸಾಲದು. ಕಾನೂನಿನ ಭಯದಿಂದ ನಾಯಿ ಉಳಿಯುವ ಮಾತಿಲ್ಲ. ಉಳಿದರೆ ಸಾಕಿದವನ ತಿಳಿವಳಿಕೆಯಿಂದಲೇ ಉಳಿಯಬೇಕು.

ತಿಳಿಯಬೇಕಾದ್ದು ಇಷ್ಟೇ: ಎಷ್ಟೋ ಸಲ ತಪ್ಪು ನಾಯಿಯದಲ್ಲ, ನಾವು ಇಡುವ ತಟ್ಟೆಯದು.

ನಾಲ್ಕು ಊರು, ನಾಲ್ಕು ಮದ್ದು

ಶ್ರೀನಿವಾಸಪುರದ ಮಾವಿನ ತೋಪಿಗೆ ಹೋಗಿ. ಕಾವಲು ನಾಯಿಯ ಕಿವಿಯೊಳಗೆ ಉಣ್ಣೆಗಳು ಹುಣಸೆ ಬೀಜದಂತೆ ಕಚ್ಚಿಕೊಂಡಿರುತ್ತವೆ. ಹಸುವಿಗೆ ತಂದ ಉಣ್ಣೆ ಔಷಧವನ್ನೇ ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೂ ಬಳಿಯುತ್ತಾರೆ. ಹಸು ನೆಕ್ಕುವುದು ಕಡಿಮೆ, ನಾಯಿ ಮೈಯೆಲ್ಲಾ ನೆಕ್ಕುತ್ತದೆ. ಅಳತೆ ತಪ್ಪಿದರೆ ಜೊಲ್ಲು ಸುರಿಸಿ, ನಡುಗಿ ಬಿದ್ದುಬಿಡುತ್ತದೆ.

ಮಾಲೂರಿನ ಕಡೆ ಇಟ್ಟಿಗೆ ಗೂಡು, ಗ್ಯಾರೇಜು ಜಾಸ್ತಿ. ಅಲ್ಲಿನ ಮದ್ದು ಸುಟ್ಟ ಎಂಜಿನ್ ಆಯಿಲ್. "ಹಚ್ಚಿದ್ರೆ ಹುಳ ಸಾಯ್ತವೆ" ಅನ್ನುವ ನಂಬಿಕೆ. ಹುಳದ ಜೊತೆ ಚರ್ಮವೂ ಸುಡುತ್ತದೆ, ನೆಕ್ಕಿದ ಎಣ್ಣೆ ಹೊಟ್ಟೆಗೂ ಹೋಗುತ್ತದೆ. ಇದು ಔಷಧವಲ್ಲ, ವಿಷ.

ಮುಳಬಾಗಿಲಿನಲ್ಲಿ ದೋಸೆ. ಆ ದೋಸೆಯ ಹೆಸರು ಎಲ್ಲೆಲ್ಲಿಗೂ ಹೋಗಿದೆ, ಸಂತೋಷ. ಆದರೆ ಮಿಕ್ಕ ದೋಸೆ, ಬೆಣ್ಣೆ, ಪಲ್ಯ ನಾಯಿಗೆ ಹೋಗುವುದು ಸಂತೋಷವಲ್ಲ. ಪಲ್ಯದಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣವನ್ನೇ ಒಡೆಯುತ್ತವೆ.

ಇನ್ನು ಕೋಲಾರ ಪಟ್ಟಣ. ಇಲ್ಲಿ ನಾಗರಿಕತೆ ಜಾಸ್ತಿ, ಆದ್ದರಿಂದ ಚೀಟಿಯಿಲ್ಲದೆ ಮಾತ್ರೆ. ಬೇರೆಯವರನ್ನು ಯಾಕೆ ಆಡಿಕೊಳ್ಳಲಿ? ಈ ಸಾಲು ಬರೆಯುತ್ತಿರುವವನೇ ಆ ಕೆಲಸ ಮಾಡಿದ್ದಾನೆ. ನಮ್ಮ ಮನೆ ಕರಿಯ ಪಾದ ಕಚ್ಚಿಕೊಳ್ಳಲು ಶುರು ಮಾಡಿದಾಗ ಒಂದು ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ಬೆಲ್ಲದಲ್ಲಿಟ್ಟು ನುಂಗಿಸಿದೆ. ಮೂರು ದಿನಕ್ಕೆ ಕೆರೆತ ಮಾಯ. "ನಾನೇ ಡಾಕ್ಟರು" ಅಂತ ಮೀಸೆ ತಿರುವಿದೆ. ಮಾತ್ರೆ ನಿಂತ ವಾರಕ್ಕೆ ಕೆರೆತ ಇಮ್ಮಡಿಯಾಗಿ ವಾಪಸ್ ಬಂತು. ಆ ಮಾತ್ರೆ ತುರಿಕೆಯ ಬಾಯಿ ಮುಚ್ಚಿಸುತ್ತದೆ, ಕಾರಣವನ್ನು ಓಡಿಸುವುದಿಲ್ಲ.

ಮೊದಲು ಹುಳ, ಆಮೇಲೆ ಊಟ

ಪಶುವೈದ್ಯರ ಬಳಿ ಹೋದಾಗ ಅವರು ಮೊದಲು ಕೇಳಿದ್ದು ಚಿಗಟದ ಮಾತು. ಕೆರೆಯುವ ನಾಯಿಗಳೆಲ್ಲಕ್ಕೂ ಊಟವೇ ಕಾರಣ ಅಲ್ಲ. ಬಾಲದ ಬುಡ, ಸೊಂಟದ ಹತ್ತಿರ ಕಚ್ಚಿಕೊಂಡರೆ ಚಿಗಟದ ಮೇಲೆ ಅನುಮಾನ. ಕಿವಿ ಅಂಚು, ಮೊಣಕೈಯಲ್ಲಿ ಹೊಪ್ಪಳೆ ಕಟ್ಟಿ, ಸಾಕಿದವರ ಕೈಯಲ್ಲೂ ಕಡಿತದ ಗುಳ್ಳೆ ಎದ್ದರೆ ಹುಳುಕಜ್ಜಿ. ಅದು ಮಕ್ಕಳಿಗೂ ತಗಲುವುದು ನಿಜ, ಆದರೆ ನಾಯಿಗೆ ಚಿಕಿತ್ಸೆ ಮಾಡಿದರೆ ಮನುಷ್ಯರದ್ದೂ ಸಾಮಾನ್ಯವಾಗಿ ಹೋಗುತ್ತದೆ. ಬೂಷ್ಟಿನ ರೋಗ ಇದೆ, ಧೂಳಿನ ಅಲರ್ಜಿ ಇದೆ. ಇವನ್ನು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೋ, ಉಣ್ಣೆ ಚಿಗಟಕ್ಕೆ ಸರಿಯಾದ ಔಷಧ ಕೊಟ್ಟೋ ಮೊದಲು ಪಕ್ಕಕ್ಕೆ ಸರಿಸಬೇಕು.

ಇಷ್ಟಾದ ಮೇಲೂ ಮಳೆ, ಚಳಿ, ಬೇಸಿಗೆ ಎನ್ನದೆ ವರ್ಷವಿಡೀ ಕೆರೆತ ಇದ್ದರೆ, ಪಾದ, ಹೊಟ್ಟೆ, ಗುದದ ಸುತ್ತ ನೆಕ್ಕುತ್ತಿದ್ದರೆ, ಕಿವಿ ಮತ್ತೆ ಮತ್ತೆ ಸೋರುತ್ತಿದ್ದರೆ, ಮಲ ಪದೇ ಪದೇ ತೆಳುವಾಗುತ್ತಿದ್ದರೆ ಆಗ ತಟ್ಟೆಯ ಸರದಿ.

ಹೊಸ ಊಟವಲ್ಲ, ಹಳೇ ಊಟವೇ ಕಳ್ಳ

ಅಲರ್ಜಿ ಅನ್ನುವ ಪದವನ್ನು 1906ರಲ್ಲಿ ಹುಟ್ಟಿಸಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಮೈಯ ಕಾವಲುಪಡೆ ನಿರುಪದ್ರವಿ ವಸ್ತುವನ್ನೇ ಶತ್ರುವೆಂದು ತಿಳಿದು ಗುಂಡು ಹಾರಿಸಿದರೆ ಅದೇ ಅಲರ್ಜಿ. ಹಾಗೆ ತಪ್ಪು ತಿಳಿಯಬೇಕಾದರೆ ಆ ವಸ್ತುವಿನ ಪರಿಚಯ ಮೊದಲೇ ಇರಬೇಕು. "ಮರಿಯಿಂದ ಇದನ್ನೇ ತಿನ್ಕೊಂಡ್ ಬೆಳೆದೈತೆ, ಈಗ್ಯಾಕೆ ಆಗಲ್ಲ ಅನ್ತೈತೆ?" ಎಂದು ಕೇಳುವವರಿಗೆ ಇದೇ ಉತ್ತರ. ಮರಿಯಿಂದ ತಿಂದದ್ದರಿಂದಲೇ.

2016ರಲ್ಲಿ ಮುಲ್ಲರ್, ಒಲಿವ್ರಿ, ಪ್ರೆಲೋ ಎಂಬ ಮೂವರು ಪಶು ಚರ್ಮತಜ್ಞರು ಅದುವರೆಗೆ ಪ್ರಕಟವಾಗಿದ್ದ 297 ಅಲರ್ಜಿ ನಾಯಿಗಳ ಲೆಕ್ಕ ಕೂಡಿಸಿದರು. ದನದ ಮಾಂಸ ಶೇಕಡಾ 34, ಹಾಲಿನ ಪದಾರ್ಥ 17, ಕೋಳಿ 15, ಗೋಧಿ 13, ಕುರಿ 5. ಒಂದೇ ನಾಯಿಗೆ ಎರಡು ಮೂರು ಆಗದೇ ಇರುವುದೂ ಉಂಟು.

ಈಗ ನಮ್ಮೂರ ತಟ್ಟೆ ನೋಡಿ. ಬೆಳಿಗ್ಗೆ ಹಾಲು. ಹಾಲಿಗೇನು, ನಮ್ಮದು ಹಾಲಿನ ಜಿಲ್ಲೆ. ನಡುವೆ ಬಿಸ್ಕತ್ತು, ಅಂದರೆ ಗೋಧಿ ಮತ್ತು ಹಾಲು. ರಾತ್ರಿ ಕೋಳಿ ಅಂಗಡಿಯ ಕಾಲು, ಕತ್ತು ಬೇಯಿಸಿದ ಅನ್ನ. ಪಟ್ಟಿಯಲ್ಲಿರುವ ಮೂವರು ಆರೋಪಿಗಳು ದಿನಾ ನಮ್ಮ ಕೈಯಿಂದಲೇ ಹೋಗುತ್ತಿದ್ದಾರೆ! ರಾಗಿ ಆ ಪಟ್ಟಿಯಲ್ಲಿಲ್ಲ ಎಂದು ಬೀಗಬೇಡಿ. ಆ ದೇಶಗಳಲ್ಲಿ ನಾಯಿಗೆ ಮುದ್ದೆ ಹಾಕುವವರು ಯಾರು? ಮುದ್ದೆಯನ್ನೂ ಪರೀಕ್ಷೆಗೆ ಒಳಪಡಿಸಬೇಕು.

ಎಂಟು ವಾರದ ಪಥ್ಯ

ರಕ್ತ ಪರೀಕ್ಷೆ, ಕೂದಲ ಪರೀಕ್ಷೆ ಮಾಡಿಸಿದರೆ ಇಂಥದ್ದೇ ಊಟ ಆಗದು ಎಂದು ನೆಚ್ಚಿಕೊಂಡು ಹೇಳಲು ಬರುವುದಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ. ಇರುವ ದಾರಿ ಒಂದೇ, ಪಥ್ಯ. ನಾಯಿ ಹುಟ್ಟಿದಾರಭ್ಯ ತಿನ್ನದ ಒಂದು ಮಾಂಸ, ತಿನ್ನದ ಒಂದು ಗೆಡ್ಡೆ ಅಥವಾ ಕಾಳು. ಅಷ್ಟೇ, ಮತ್ತೇನೂ ಇಲ್ಲ.

ಮೀನು ತಿನ್ನದ ನಾಯಿಯಾದರೆ ಕೆರೆ ಮೀನನ್ನು ಬೇಯಿಸಿ, ಮುಳ್ಳು ಪೂರ್ತಿ ತೆಗೆದು, ಬೇಯಿಸಿದ ಗೆಣಸಿನ ಜೊತೆ ಹಿಸುಕಿ ಕೊಡಬಹುದು. ಉಪ್ಪು, ಖಾರ, ಒಗ್ಗರಣೆ ಬೇಡ. ಮಾಂಸ ತರದ ಮನೆಯವರು ನಾಯಿ ತಿನ್ನದ ಕಾಳನ್ನು ಚೆನ್ನಾಗಿ ಬೇಯಿಸಿ ಕೊಡುವ ವಿಚಾರವನ್ನು ವೈದ್ಯರ ಹತ್ತಿರ ಕೇಳಬೇಕು. ತೂಕಕ್ಕೆ ತಕ್ಕ ಅಳತೆಯನ್ನೂ ಅವರೇ ಹೇಳಬೇಕು. ಬೆಳೆಯುವ ಮರಿಗೆ, ಬಸುರಿ ನಾಯಿಗೆ ಮನೆಯಲ್ಲೇ ಇಂಥ ಪಥ್ಯ ಶುರು ಮಾಡಬೇಡಿ. ಸುಣ್ಣದ ಅಂಶ ಕಡಿಮೆಯಾಗಿ ಮೂಳೆ ಕೆಡುತ್ತದೆ. ದೊಡ್ಡ ನಾಯಿಗಾದರೂ ಪಥ್ಯ ಮುಗಿದ ಮೇಲೆ ಸಮತೂಕದ ಊಟಕ್ಕೆ ಬರಬೇಕು.

ಎಷ್ಟು ದಿನ? ಊಟದ ಅಲರ್ಜಿ ಇರುವ ನಾಯಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಐದು ವಾರದಲ್ಲಿ, 90ಕ್ಕೂ ಹೆಚ್ಚು ಎಂಟು ವಾರದಲ್ಲಿ ಗುಣ ಕಾಣುತ್ತವೆ. ನಾವು ಹತ್ತು ದಿನಕ್ಕೆ "ಏನೂ ಆಗಿಲ್ಲ ಬಿಡ್ರೀ" ಎಂದು ಕೈಬಿಡುತ್ತೇವೆ. ಅದೇ ಸೋಲು.

ಕಳ್ಳಗೈ ಯಾರದು?

ನಮ್ಮ ಮನೆಯಲ್ಲಿ ಪಥ್ಯ ಎರಡು ಸಲ ಮುರಿಯಿತು. ಮೊದಲ ಸಲ ಮಗಳು ಸ್ಕೂಲಿಗೆ ಹೋಗುವಾಗ ಅರ್ಧ ಬಿಸ್ಕತ್ತು ಹಾಕಿದಳು. ಎರಡನೇ ಸಲ ನಮ್ಮಮ್ಮ. "ಬಾಯಿಲ್ಲದ ಪ್ರಾಣಿ, ಮುಖ ನೋಡ್ತಾ ಕೂತಿತ್ತು, ಒಂದ್ ಸೌಟು ಹಾಲು ಹಾಕ್ದೆ, ಅದಕ್ಕೇನಾತು?" ಅಂದರು. ಪ್ರೀತಿಯೇ. ಆದರೆ ಒಂದು ಸೌಟು ಪ್ರೀತಿಯಿಂದ ಕರಿಯನ ಪಾದ ಮತ್ತೆ ಕೆಂಪಾಯಿತು, ಲೆಕ್ಕ ಮೊದಲಿಂದ ಶುರುವಾಯಿತು. ಪಕ್ಕದ ಮನೆಯವರು, ಟೀ ಅಂಗಡಿಯವರು, ತಿಪ್ಪೆ, ಮಾಂಸದ ರುಚಿ ಬೆರೆಸಿದ ಮಾತ್ರೆ ಎಲ್ಲವೂ ಪಥ್ಯ ಮುರಿಯುತ್ತವೆ. ಬಿಟ್ಟು ಸಾಕಿದ ನಾಯಿಗೆ ಪಥ್ಯ ನಡೆಯದು. ಎರಡು ತಿಂಗಳು ಹಗ್ಗ ಹಿಡಿದೇ ತಿರುಗಾಡಿಸಬೇಕು.

ಮೂರನೇ ಸಲ ಎಲ್ಲರೂ ಒಪ್ಪಿ ಕೂತೆವು. ಏಳನೇ ವಾರಕ್ಕೆ ಕರಿಯ ರಾತ್ರಿ ಪೂರ್ತಿ ಮಲಗಿದ.

ಗುಣವಾಯಿತೆಂದು ಅಲ್ಲಿಗೇ ನಿಲ್ಲಿಸಬಾರದು. ಹಳೇ ಊಟವನ್ನು ಒಂದೊಂದಾಗಿ ವಾಪಸ್ ಕೊಟ್ಟು ಎರಡು ವಾರದವರೆಗೆ ನೋಡಬೇಕು. ಮತ್ತೆ ಕೆರೆದರೆ ಆಗಲೇ ಅಪರಾಧ ರುಜುವಾತು. ಕರಿಯನಿಗೆ ಮುದ್ದೆ ಒಗ್ಗಿತು, ಕೋಳಿ ಒಗ್ಗಿತು. ಹಾಲು ಹಾಕಿದ ಮೂರನೇ ದಿನಕ್ಕೆ ಪಾದ ಬಾಯಿಗೆ ಹೋಯಿತು. ಹಾಲು ನಿಂತಿತು. ಅಷ್ಟೇ ಚಿಕಿತ್ಸೆ.

ಪಥ್ಯ ಮಾಡಿಯೂ ಕೆರೆತ ನಿಲ್ಲದ ನಾಯಿಗಳಿವೆ. ಆಗ ಧೂಳಿನ ಅಲರ್ಜಿಯ ಕಡೆ ನೋಡಬೇಕು. ಅದಕ್ಕೂ ಔಷಧ ಇದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇದೆ. ಮಾಲೂರಿನಿಂದ ರೈಲು, ಕೋಲಾರದಿಂದ ಬಸ್ಸು, ದೂರವೇನಲ್ಲ.

ಆದ್ದರಿಂದ ಮಾಲೂರಿನ ಅಣ್ಣ, ಆಯಿಲ್ ಡಬ್ಬ ಕೆಳಗಿಡು. ಶ್ರೀನಿವಾಸಪುರದ ಗೌಡರೇ, ದನದ ಔಷಧ ದನಕ್ಕೇ ಇರಲಿ. ಮುಳಬಾಗಿಲಿನ ತಾಯಿ, ಆ ದೋಸೆ ನೀವೇ ತಿನ್ನಿ. ಗೋಣಿಚೀಲ ಹುಡುಕುತ್ತಿರುವ ಕೋಲಾರದ ಸ್ವಾಮಿ, ನಾಯಿಯನ್ನು ಮನೆಯಿಂದ ಆಚೆ ಹಾಕುವ ಮುಂಚೆ ಅದರ ತಟ್ಟೆಯಲ್ಲಿರುವುದನ್ನು ಎಂಟು ವಾರ ಆಚೆ ಹಾಕಿ ನೋಡಿ.