ಟರ್ಮಿನಲ್‌ಗೆ ಕಾಪು ಯಾಕೆ ಕಾಣಲಿಲ್ಲ?

ರಾಜ್ಯೋತ್ಸವದ ರಾತ್ರಿ ಯಾವ ಕಡೆಗೆ ಬಸ್ ಮಾಡ್ಬೇಕು ಅಂತ ತಿಳಿಯಲು ನಮ್ಮ ಸಂಘದವರು ಗೂಗಲ್ ಫಾರ್ಮ್ ಬಿಟ್ಟಿದ್ದೆವು. ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಿರಿ ಅಂದದ್ದೂ ನಾವೇ. ಆ ಕಾಲಂ ಒಂದನ್ನೇ ಟೆಕ್ಸ್ಟ್ ಫೈಲ್ ಮಾಡಿ ಎಣಿಸುವ ಕೆಲಸ ನನ್ನ ತಲೆಗೆ ಬಂತು. ಲೆಕ್ಕ ತಪ್ಪಿದ್ರೆ ಕಾರ್ಕಳದವರು ರಾತ್ರಿ ಇಲ್ಲೇ ಬಾಕಿ.

ಇದಕ್ಕೊಂದು ಪ್ರಸಿದ್ಧ ಸ್ಕ್ರಿಪ್ಟ್ ಇದೆ. 1986ರಲ್ಲಿ ಡೊನಾಲ್ಡ್ ಕ್ನೂತ್, ಫೈಲಿನಲ್ಲಿ ಯಾವ ಪದ ಹೆಚ್ಚು ಸಲ ಬಂದಿದೆ ಅಂತ ಹೇಳುವ ಪ್ರೋಗ್ರಾಂ ಒಂದನ್ನು ಪುಟಗಟ್ಟಲೆ ಬರೆದರು. ಅದನ್ನು ವಿಮರ್ಶಿಸಿದ ಡಗ್ ಮೆಕಿಲ್ರಾಯ್ ಅದೇ ಕೆಲಸವನ್ನು ಯುನಿಕ್ಸ್‌ನ ಆರೇ ಸಾಲಿನಲ್ಲಿ ಮುಗಿಸಿ ತೋರಿಸಿದರು. ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ಇನ್‌ಪುಟ್ ಆಗುವ 'ಪೈಪ್' ಕೂಡ ಅವರದ್ದೇ ಕಲ್ಪನೆ. ಮೊದಲು 'ಟಿಆರ್' ಸಾಲಿಗೊಂದು ಪದ ಇಡುತ್ತದೆ, 'ಸಾರ್ಟ್' ಒಂದೇ ಥರದ್ದನ್ನು ಒಟ್ಟಿಗೆ ತರುತ್ತದೆ, 'ಯೂನಿಕ್' ಎಣಿಸುತ್ತದೆ. ಯೂನಿಕ್ ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುವುದು. ಹಾಗಾಗಿ ಸಾರ್ಟ್ ಮೊದಲು ಬರಲೇಬೇಕು.

ನಾನು ಹಾಗೇ ಟೈಪ್ ಮಾಡಿ ಎಂಟರ್ ಒತ್ತಿದೆ. ಬಂದ ಉತ್ತರ: 1, ಪಕ್ಕದಲ್ಲಿ ಖಾಲಿ. ಇಡೀ ಉಡುಪಿ ಜಿಲ್ಲೆಯೇ ಮಾಯ ಮಾರಾಯ್ರೆ!

ಕಾರಣ ಮೊದಲ ಸಾಲಿನಲ್ಲೇ ಇತ್ತು. ಇಂಗ್ಲಿಷಿನ ಎ ಇಂದ ಜೆಡ್ ಬಿಟ್ಟು ಉಳಿದದ್ದೆಲ್ಲ ಪದ ಅಲ್ಲ, ಅದನ್ನು ಹೊಸ ಸಾಲು ಮಾಡು ಅಂತ ಅಲ್ಲಿ ಹೇಳಿದೆ. ನಮ್ಮ ಊರುಗಳೆಲ್ಲ 'ಉಳಿದದ್ದು'. ಸರಿ, ಕನ್ನಡ ಅಕ್ಷರಗಳನ್ನೂ ಸೇರಿಸೋಣ ಅಂದ್ರೆ ಅದೂ ಆಗಲಿಲ್ಲ. ನನ್ನ ಉಬುಂಟುವಿನ ಟಿಆರ್ ನೋಡುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 'ಕಾಪು' ನಮ್ಮ ಕಣ್ಣಿಗೆ 2 ಅಕ್ಷರ, ಯೂನಿಕೋಡ್‌ಗೆ 4 (ಕ, ದೀರ್ಘ, ಪ, ಕೊಂಬು), ಡಿಸ್ಕಿನಲ್ಲಿ 12 ಬೈಟ್. 'ಕಾರ್ಕಳ' 3 ಅಕ್ಷರ, ಆದರೆ 18 ಬೈಟ್.

ಸಮಾಧಾನದ ವಿಷಯ ಏನಂದ್ರೆ, ಆ 3 ಬೈಟ್‌ಗಳಲ್ಲಿ ಯಾವುದೂ ಸ್ಪೇಸ್ ಆಗಿಯೋ ಹೊಸ ಸಾಲಾಗಿಯೋ ಕಾಣುವುದಿಲ್ಲ. ಯುಟಿಎಫ್-8ರ ರಚನೆಯೇ ಹಾಗೆ. ಅಂದ್ರೆ ಪದವನ್ನು ಅಕ್ಷರದಿಂದ ಗುರುತಿಸದೆ, ಸ್ಪೇಸ್ ನೋಡಿ ಕತ್ತರಿಸಿದ್ರೆ ಸಾಕು. ಟಿಆರ್ ತೆಗೆದು 'ಆಕ್' ಹಾಕಿ, ಪ್ರತಿ ಸಾಲಿನ ಮೊದಲ ಪದ ಮಾತ್ರ ಕೊಡು ಅಂದೆ. ಕೊನೆಯಲ್ಲಿ ಸ್ಪೇಸ್ ಬಿಟ್ಟು ಬರೆದ 'ಕಾರ್ಕಳ'ವೂ ಬಿಡದೆ ಬರೆದ 'ಕಾರ್ಕಳ'ವೂ ಒಂದಾದವು.

ಇನ್ನೊಂದು ಉಳಿದಿತ್ತು. ಹೊರಗಿನ ಕೆಲವರು ಇಂಗ್ಲಿಷ್ ಬೋರ್ಡ್ ಓದಿ 'ಕೌಪ್' ಅಂತ ಬರೆದಿದ್ದರು. ಅದನ್ನು 'ಕಾಪು' ಮಾಡಲು ಎಲ್ಲಕ್ಕಿಂತ ಮುಂದೆ 'ಸೆಡ್' ಒಂದು ಸೇರಿಸಿದೆ. ಈಗ ಸೆಡ್, ಆಕ್, ಸಾರ್ಟ್, ಯೂನಿಕ್, ಕೊನೆಗೆ ಸಂಖ್ಯೆ ಪ್ರಕಾರ ಇನ್ನೊಂದು ಸಾರ್ಟ್. ಎಲ್ಲ ಸೇರಿ ಒಂದೇ ಸಾಲು.

ಕಾರ್ಕಳ 31, ಕಾಪು 19. ಎರಡೂ ಕಡೆಗೆ ಬಸ್ ಹೊರಟಿತು.

ಇನ್ನು ಮುಂದೆ ಇಂಟರ್ನೆಟ್‌ನಿಂದ ಒಂದು ಸಾಲಿನ ಸ್ಕ್ರಿಪ್ಟ್ ಎತ್ತಿಕೊಂಡ್ರೆ, ಮೊದಲು ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಕೊಟ್ಟು ನೋಡಿ. ಆ ಸ್ಕ್ರಿಪ್ಟ್ ಬರೆದವರ ಲೆಕ್ಕದಲ್ಲಿ ನಾವು ಇದ್ದೇವೋ ಇಲ್ವೋ ಅಂತ ಆಗಲೇ ಗೊತ್ತಾಗ್ತದೆ.