ಮಾರ್ಟನ್ ಪ್ರಭುವಿನ ಕುದುರೆ

1820ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಮಾರ್ಟನ್ ಪ್ರಭುವು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಬರೆದು ಕಳುಹಿಸಿದ ಒಂದು ಪತ್ರವು, ಮರುವರ್ಷ ಆ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಗಿ, ಮುಂದಿನ ಮುಕ್ಕಾಲು ಶತಮಾನದವರೆಗೂ ಪಂಡಿತರನ್ನೂ ಪಶುಪಾಲಕರನ್ನೂ ಒಂದೇ ಭ್ರಾಂತಿಗೆ ಒಳಪಡಿಸಿತು. ಆಶ್ಚರ್ಯವೆಂದರೆ ಪತ್ರದಲ್ಲಿ ಅಸತ್ಯವೆಂಬುದು ಲೇಶವೂ ಇರಲಿಲ್ಲ. ಪ್ರಭುವು ತಾನು ಕಂಡುದನ್ನು ಕಂಡಂತೆಯೇ ಬರೆದಿದ್ದನು.

ಕ್ವಾಗ ಎಂಬುದು ದಕ್ಷಿಣ ಆಫ್ರಿಕದಲ್ಲಿದ್ದ, ಮೈಯ ಮುಂಭಾಗದಲ್ಲಿ ಮಾತ್ರ ಸ್ಪಷ್ಟವಾದ ಪಟ್ಟೆಗಳುಳ್ಳ, ಜೀಬ್ರಾದ ಕುಲಕ್ಕೆ ಸೇರಿದ ಪ್ರಾಣಿ. ಅದನ್ನು ಪಳಗಿಸಿ ಸಂತತಿಯನ್ನು ಬೆಳೆಸಬೇಕೆಂಬ ಹವ್ಯಾಸ ಮಾರ್ಟನ್ ಪ್ರಭುವಿಗಿದ್ದಿತು. ಗಂಡೊಂದು ದೊರೆತು ಹೆಣ್ಣು ದೊರೆಯದೆ ಹೋದುದರಿಂದ, ಅದುವರೆಗೆ ಈಯದಿದ್ದ, ಎಂಟರಲ್ಲಿ ಏಳು ಪಾಲು ಅರಬ್ಬೀ ರಕ್ತದ ಒಂದು ಕೆಂಗಂದು ಬಣ್ಣದ ಹೆಣ್ಣುಕುದುರೆಯೊಡನೆ ಅದನ್ನು ಕೂಡಿಸಲು, ಮಿಶ್ರತಳಿಯ ಹೆಣ್ಣುಮರಿಯೊಂದು ಹುಟ್ಟಿತು. ಇದರಲ್ಲಿ ವಿಶೇಷವೇನೂ ಇಲ್ಲ. ಆದರೆ ಅದೇ ಹೆಣ್ಣುಕುದುರೆಯು ತರುವಾಯ ಸರ್ ಗೋರ್ ಊಸ್ಲೆಯ ಲಾಯವನ್ನು ಸೇರಿ, ಕಪ್ಪು ಬಣ್ಣದ ಅರಬ್ಬೀ ಗಂಡುಕುದುರೆಯಿಂದ ಗರ್ಭವನ್ನು ತಳೆದು ಹೆತ್ತ ಮರಿಗಳೆರಡರ ಬೆನ್ನಿನ ಉದ್ದಕ್ಕೂ ಕಪ್ಪು ಗೆರೆ, ಕಾಲುಗಳ ಮೇಲೆ ಅಡ್ಡಪಟ್ಟೆ! ಎಂದೋ ಅಗಲಿದ ಕ್ವಾಗವು ಮತ್ತೊಂದು ಗಂಡಿನ ಮರಿಗಳ ಮೇಲೆ ತನ್ನ ಮುದ್ರೆಯನ್ನೊತ್ತಿತೆಂದಲ್ಲದೆ ಬೇರೇನನ್ನು ತಾನೆ ಹೇಳುವುದು?

ಮೊದಲ ಸಂಗಾತಿಯ ಗುಣವು ತಾಯಿಯ ದೇಹದಲ್ಲಿ ನೆಲಸಿ ಮುಂದಿನ ಸಂತಾನಕ್ಕೂ ಇಳಿದುಬರುವುದೆಂಬ ಈ ಕಲ್ಪನೆಗೆ ಜರ್ಮನ್ ವಿಜ್ಞಾನಿ ವೈಸ್‌ಮನ್ ಮುಂದೆ ಟೆಲಿಗೊನಿ ಎಂಬ ಹೆಸರನ್ನಿತ್ತನು. ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂದು ನಮ್ಮ ಧರ್ಮಶಾಸ್ತ್ರಕಾರರು ನಡೆಸಿದ ಚರ್ಚೆಯನ್ನು ಬಲ್ಲವರಿಗೆ, ಹಿಂದಿನ ಬಿತ್ತನೆಯ ಗುಣವನ್ನು ಹೊಲವೇ ಹಿಡಿದಿಟ್ಟುಕೊಳ್ಳುವುದೆಂಬ ಈ ಮಾತು ವಿಚಿತ್ರವಾಗಿ ತೋರೀತು. ಆದರೆ ಡಾರ್ವಿನ್ನನಂತಹ ಮಹಾಮತಿಗೆ ಅದು ಹಾಗೆ ತೋರಲಿಲ್ಲ. ದೇಹದ ಪ್ರತಿಯೊಂದು ಅವಯವವೂ ಸೂಕ್ಷ್ಮಕಣಗಳನ್ನು ಸೂಸುತ್ತಿರುವುದೆಂದೂ, ಅವೆಲ್ಲವೂ ಜನನಾಂಗಗಳಲ್ಲಿ ಒಟ್ಟುಗೂಡಿ ಸಂತತಿಯನ್ನು ರೂಪಿಸುವುವೆಂದೂ 1868ರಲ್ಲಿ ಆತನು ಒಂದು ವಾದವನ್ನು ಹೂಡಿದನು. ಹಿಪಾಕ್ರಟೀಸನ ಪರಂಪರೆಯ ಗ್ರೀಕ್ ವೈದ್ಯರು ಇಂತಹುದನ್ನೇ ನುಡಿದಿದ್ದರು. ಗಂಡಿನ ಕಣಗಳು ತಾಯಿಯ ದೇಹದಲ್ಲಿ ಉಳಿದುಕೊಳ್ಳುವುದಾದರೆ ಮಾರ್ಟನ್ ಪ್ರಭುವಿನ ಕುದುರೆಯ ಕಥೆ ಆ ವಾದಕ್ಕೆ ಎಷ್ಟು ಅನುಕೂಲ!

ಆದರೆ ಈ ಒಗಟಿನ ಉತ್ತರವು ಡಾರ್ವಿನ್ನನ ಕೈಯಲ್ಲಿಯೇ ಇದ್ದಿತು. 1859ರ ತನ್ನ ಸುಪ್ರಸಿದ್ಧ ಗ್ರಂಥದಲ್ಲಿ ಮಾರ್ಟನ್ ಪ್ರಭುವಿನ ಕುದುರೆಯನ್ನು ಪ್ರಸ್ತಾಪಿಸುವ ಅದೇ ಅಧ್ಯಾಯದಲ್ಲಿ ಆತನು ನಮ್ಮ ದೇಶದ ಕಾಠಿಯಾವಾಡದ ಕುದುರೆಗಳನ್ನು ಕುರಿತೂ ಬರೆದಿದ್ದಾನೆ. ಪಟ್ಟೆಯಿಲ್ಲದ ಕುದುರೆಯನ್ನು ಅಲ್ಲಿ ಶುದ್ಧತಳಿಯೆಂದೇ ಎಣಿಸುತ್ತಿರಲಿಲ್ಲವಂತೆ; ಪಟ್ಟೆಗಳು ಮರಿಗಳಲ್ಲಿ ಎದ್ದು ಕಾಣುವುವು, ಮುಪ್ಪಿನಲ್ಲಿ ಕೆಲವೊಮ್ಮೆ ಮಾಸಿಯೇ ಹೋಗುವುವು. ಯಾವ ಜೀಬ್ರಾದ ನೆರಳೂ ಸೋಂಕದ ಕುದುರೆಗಳಲ್ಲಿ ಪಟ್ಟೆ ಮೂಡುವುದಾದರೆ ಊಸ್ಲೆಯ ಮರಿಗಳಿಗೆ ಮಾತ್ರ ಕ್ವಾಗದ ಹಂಗೇಕೆ? ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟ ಮೇಧಾವಿಗೆ ಈ ಪ್ರಶ್ನೆ ಹೊಳೆಯದೆ ಹೋದುದು, ನನ್ನ ಮಟ್ಟಿಗೆ, ಡಾರ್ವಿನ್ನನ ಬರಹಗಳಲ್ಲಿಯೇ ಅತ್ಯಂತ ವಿಸ್ಮಯಕರವಾದ ಸಂಗತಿ.

ಇದಕ್ಕೆ ಕಾರಣ, ಅಂದಿನ ಸಕಲರೂ ರಕ್ತವನ್ನು ಪಾಲು ಹಾಕಿ ಲೆಕ್ಕಿಸುತ್ತಿದ್ದುದು. ಮರಿಗಳಲ್ಲಿ ಹದಿನಾರರಲ್ಲಿ ಹದಿನೈದು ಪಾಲು ಅರಬ್ಬೀ ರಕ್ತವೆಂದು ಪ್ರಭುವು ಗಣಿಸಿದನು. ಉಳಿದ ಒಂದು ಪಾಲು ಹಾಲಿಗೆ ಬೆರೆತ ನೀರಿನಂತೆ ನಗಣ್ಯವೆಂದು ಕೈಬಿಟ್ಟನು. ಬ್ರನೋ ನಗರದ ಪಾದ್ರಿ ಮೆಂಡಲನು ಬಟಾಣಿಯ ಗಿಡಗಳನ್ನು ಬೆಳೆಸಿ 1866ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಕೆನ್ನೀಲಿ ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಹುಟ್ಟಿದ ಮೊದಲ ಪೀಳಿಗೆಯಲ್ಲಿ ಬಿಳಿಯ ಸುಳಿವೇ ಇಲ್ಲ. ಎರಡನೆಯ ಪೀಳಿಗೆಯ 929 ಗಿಡಗಳಲ್ಲಿ 224 ಗಿಡಗಳು ಅಚ್ಚ ಬಿಳಿಯ ಹೂವನ್ನೇ ಬಿಟ್ಟುವು. ಗುಣವು ಕರಗುವುದಿಲ್ಲ, ಅಡಗುತ್ತದೆ. ಅಂತೆಯೇ ಆ ತಾಯಿಕುದುರೆಯ ಅರಬ್ಬಿಯಲ್ಲದ ಎಂಟನೆಯ ಪಾಲಿನಲ್ಲಾಗಲಿ, ಅರಬ್ಬೀ ಪೂರ್ವಜರಲ್ಲಿಯೇ ಆಗಲಿ, ಪಟ್ಟೆಯ ಬೀಜವು ಅಡಗಿರಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಮೆಂಡಲನ ಪ್ರಬಂಧವನ್ನು 1900ರವರೆಗೆ ಕೇಳುವವರೇ ಇಲ್ಲವಾಯಿತು.

ಕಡೆಗೆ ಕೈಕೆಸರು ಮಾಡಿಕೊಂಡವನು ಎಡಿನ್‌ಬರೋದ ಪ್ರಾಧ್ಯಾಪಕ ಜೇಮ್ಸ್ ಕೋಸರ್ ಈವರ್ಟ್. 1895ರ ಸುಮಾರಿಗೆ ಪೆನಿಕುಕ್ ಎಂಬ ಊರಿನಲ್ಲಿ ಮಟೋಪೊ ಎಂಬ ಗಂಡು ಜೀಬ್ರಾವನ್ನು ಸಾಕಿ, ಬಗೆಬಗೆಯ ಹೆಣ್ಣುಕುದುರೆಗಳಿಗೆ ಅದರಿಂದ ಮರಿಗಳನ್ನು ಪಡೆದು, ಆ ತಾಯಂದಿರನ್ನು ಮರಳಿ ಕುದುರೆಗಳೊಡನೆ ಕೂಡಿಸಿದನು. ಅಲ್ಲಿಗೇ ನಿಂತಿದ್ದರೆ ಆತನೂ ಮೋಸಹೋಗುತ್ತಿದ್ದನೋ ಏನೋ, ಏಕೆಂದರೆ ಒಂದು ಮರಿಯಲ್ಲಿ ಮಸುಕಾದ ಪಟ್ಟೆಗಳು ಕಾಣಿಸಿಕೊಂಡವು. ಜೀಬ್ರಾದ ಸಂಗವನ್ನೇ ಅರಿಯದ ಹೆಣ್ಣುಕುದುರೆಗಳ ಮರಿಗಳನ್ನೂ ಆತನು ಪರೀಕ್ಷಿಸಿದನು. ಅವುಗಳಲ್ಲಿಯೂ ಅಂತಹ ಪಟ್ಟೆಗಳು ಇದ್ದುವು. ಮಾರ್ಟನ್ ಪ್ರಭುವು ಮಾಡದೆ ಬಿಟ್ಟುದು ಈ ಒಂದು ಹೋಲಿಕೆಯನ್ನು ಮಾತ್ರ. 1899ರಲ್ಲಿ ಈವರ್ಟನ ಗ್ರಂಥವು ಹೊರಬೀಳುವ ವೇಳೆಗೆ, ಕೊನೆಯ ಕ್ವಾಗವು ಆಮ್‌ಸ್ಟರ್‌ಡಾಮಿನ ಮೃಗಾಲಯದಲ್ಲಿ ಸತ್ತು ಹದಿನಾರು ವರ್ಷಗಳಾಗಿದ್ದುವು.

ವಿಜ್ಞಾನದಿಂದ ಉಚ್ಚಾಟಿತವಾದ ನಂಬಿಕೆ ಲೋಕದಿಂದ ತೊಲಗಲಿಲ್ಲ. 1917ರಲ್ಲಿ ಆರ್ಟುರ್ ಡಿಂಟರ್ ಎಂಬ ಜರ್ಮನ್ ಲೇಖಕನು, ಯಹೂದಿಯೊಬ್ಬನ ಸಂಗಕ್ಕೆ ಒಮ್ಮೆ ಬಂದ ಸ್ತ್ರೀಯ ಸಂತಾನವು ಎಂದೆಂದಿಗೂ ಕೆಟ್ಟಿತೆಂದು ಸಾರುವ ಕಾದಂಬರಿಯನ್ನು ಬರೆದನು. ಅದು ಅಪಾರವಾಗಿ ಖರ್ಚಾಯಿತು. ಲಾಯದ ಒಂದು ತಪ್ಪು ಅನುಮಾನವು ಮನುಷ್ಯದ್ವೇಷಕ್ಕೆ ಒದಗಿಬಂದ ಬಗೆ ಹೀಗೆ. ಬೀದಿನಾಯಿಯೊಡನೆ ಒಮ್ಮೆ ಕೂಡಿದ ಜಾತಿನಾಯಿಯು ಇನ್ನು ಶುದ್ಧವಾದ ಮರಿಗಳನ್ನು ಹಾಕಲಾರದೆಂದು ನಂಬಿ ಅದನ್ನು ಕಡೆಗಣಿಸುವವರು ಈಗಲೂ ಇದ್ದಾರೆ. ಅಂತಹ ನಾಯಿಯೇನಾದರೂ ನಿಮ್ಮ ಮನೆಯಲ್ಲಿದ್ದರೆ ಚಿಂತಿಸಬೇಕಾದುದಿಲ್ಲ. ಮುಂದಿನ ಸಲ ಅದು ಹಾಕುವ ಮರಿಗಳು ಅದರವೂ ಆ ಸಲದ ಗಂಡಿನವೂ ಆಗಿರುತ್ತವೆಯೇ ಹೊರತು ಬೇರೆ ಯಾರವೂ ಅಲ್ಲ.